ಅಪ್ಪ ಬರೆಸಿದ ರಿಪೇರಿ

ಜನವರಿ 9, 1993

ಅಕ್ಕ,

ಎಲ್ಲರೂ ಚೆನ್ನಾಗಿದ್ದೀವಿ ಅಂತ ಮೊದಲ ಸಾಲಲ್ಲೇ ಬರೆಯೋದು ವಾಡಿಕೆ, ಅದಕ್ಕೆ ಬರೆದೆ. ನಿಜ ಹೇಳಬೇಕಂದ್ರೆ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಈಗ ಏಳೇ ಜನ. ಮಷೀನು ಹದಿಮೂರು. ಉಳಿದ ಆರನ್ನ ದಿನಾ ನಾನೇ ಸ್ವಲ್ಪ ಸ್ವಲ್ಪ ಕುಟ್ಟಿ ಇಡ್ತೀನಿ, ಇಲ್ಲದಿದ್ರೆ ಕೀಲು ಹಿಡ್ಕೊಂಡುಬಿಡುತ್ತೆ. ಕಲಿಯೋರೆಲ್ಲ ಎದುರು ಬೀದಿಯ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಾರೆ. ಅಲ್ಲಿ ತಪ್ಪು ಹೊಡೆದ್ರೆ ಅಳಿಸಬಹುದಂತೆ. ಅಪ್ಪ ಇದ್ದಿದ್ರೆ, ಅಳಿಸೋಕೆ ಆಗುತ್ತೆ ಅಂತ ಗೊತ್ತಿದ್ದವನು ನೋಡಿಕೊಂಡು ಹೊಡೆಯೋದು ಯಾವಾಗ ಕಲೀತಾನೆ ಅಂತಿದ್ರು.

ವಿಷಯಕ್ಕೆ ಬರ್ತೀನಿ. ಮನೆ ಮಾರೋ ಯೋಚನೆ ಮಾಡಿದೀನಿ. ಪಕ್ಕದ ಮರದ ಮಿಲ್ಲಿನ ಯಜಮಾನರು ತಾವಾಗೇ ಕೇಳಿದಾರೆ. ಅವರಿಗೆ ಹಲಗೆ ಪೇರಿಸೋಕೆ ಜಾಗ ಸಾಲದು. ನಮ್ಮ ಮನೆ ಹಿಂದಿನ ಗೋಡೆ ಬಿರುಕು ಬಿಟ್ಟು ಎರಡು ವರ್ಷ ಆಯ್ತು, ಅಪ್ಪನ ಕೋಣೆಯ ಸೂರು ಒಂದು ಕಡೆ ಕೂತಿದೆ. ಇನ್ನೂ ಎಷ್ಟು ದಿನ ತೇಪೆ ಹಾಕೋದು?

ಇದರ ಜೊತೆ ಒಂದು ಕಾಗದ ಇಟ್ಟಿದೀನಿ. ಮೂರು ಕಡೆ ಪೆನ್ಸಿಲಲ್ಲಿ ಗುರುತು ಮಾಡಿದೀನಿ, ಅಲ್ಲಿ ಸಹಿ ಹಾಕಿ ಕಳಿಸು. ಅಪ್ಪನ ಉಯಿಲಿನಲ್ಲಿ ನಿನ್ನ ಹೆಸರಿನ ಒಂದು ಸಾಲು ಇದೆಯಲ್ಲ, ನೀನು ಬೇಕಾದಾಗ ಮನೆ ರಿಪೇರಿ ಮಾಡಿಸಬಹುದು ಅಂತ, ಆ ಹಕ್ಕನ್ನ ಬಿಟ್ಟುಕೊಟ್ಟಿದೀನಿ ಅನ್ನೋ ಪತ್ರ ಇದು. ಬರೀ ಶಾಸ್ತ್ರಕ್ಕೆ. ವಕೀಲರು ಬೇಕೇ ಬೇಕು ಅಂತ ಕೂತಿದಾರೆ.

ನಿನಗೇನಮ್ಮ, ಲೈಬ್ರರಿ ಕ್ವಾರ್ಟರ್ಸು, ಗಟ್ಟಿ ಗೋಡೆ. ಅಂದ ಹಾಗೆ ಈಚೆಗೆ ನಿನ್ನ ವಿಳಾಸದಲ್ಲಿ ಮನೆ ನಂಬರ್ ಯಾಕೆ ಇಲ್ಲ? ಬರೀ ಬೈಂಡಿಂಗ್ ವಿಭಾಗ ಅಂತ ಇದೆ.

ಚಿಕ್ಕ

ಜನವರಿ 24, 1993

ಚಿಕ್ಕ,

ಪತ್ರ ಕೈಸೇರಿತು. ಪೆನ್ಸಿಲ್ ಗುರುತಿನ ಮೂರು ಜಾಗವನ್ನೂ ನೋಡಿದೆ. ಸಹಿ ಹಾಕಿಲ್ಲ. ಸಿಟ್ಟಾಗಬೇಡ, ಪೂರ್ತಿ ಓದು.

ನಾನು ಮದುವೆಯಾದ ದಿನ ಅಪ್ಪ ಹೇಳಿದ ಮಾತು ನಿನಗೆ ನೆನಪಿರಬೇಕು. ‘ರಟ್ಟು ಅಂಟಿಸುವವನ ಜೊತೆ ಹೋಗ್ತೀಯ, ಹೋಗು. ಈ ಮೆಟ್ಟಿಲು ಮಾತ್ರ ಮತ್ತೆ ಹತ್ತಬೇಡ.’ ಹನ್ನೆರಡು ವರ್ಷ ಹತ್ತಲಿಲ್ಲ. ಅವರು ತೀರಿಕೊಂಡಾಗ ಬಂದೆ, ಅಂಗಳದವರೆಗೆ ಮಾತ್ರ. ಅವತ್ತು ಅಂಗಳದಲ್ಲಿ ನಿಂತು ನೀನು ಉಯಿಲಿನ ಮಾತು ಹೇಳಿದೆ. ಮನೆ ನಿನಗೆ, ರಿಪೇರಿ ನನಗೆ. ನಾನು ನಕ್ಕುಬಿಟ್ಟೆ, ನಿನ್ನ ಹೆಂಡತಿ ಗಾಬರಿಯಾದಳು. ಸತ್ತ ಮೇಲೂ ಚುಚ್ಚದೆ ಬಿಡಲಿಲ್ಲವಲ್ಲ ಅನ್ನಿಸಿತ್ತು. ಆದರೂ ಅಪ್ಪ ಹೇಳಿದ ಕೆಲಸ ಅಂತ ಮಾಡಿದೆ. ನಿಮ್ಮ ಭಾವ ತಮ್ಮ ಕೈಯಾರೆ ನಾಲ್ಕು ಕಿಟಕಿ ಬಾಗಿಲು ಮಾಡಿ ಲಾರಿ ಪಾರ್ಸೆಲ್ಲಿಗೆ ಹಾಕಿದ್ದು ಅದಕ್ಕೇ.

ಈಗ ಕೇಳು. ನಿನ್ನ ಪತ್ರ ಬಂದಾಗ ನನ್ನ ಮೇಜಿನ ಮೇಲೆ ಲೈಬ್ರರಿಯ ದೊಡ್ಡ ಇಂಗ್ಲಿಷ್ ನಿಘಂಟಿನ ಒಂದು ಸಂಪುಟ ಇತ್ತು. ಆರ್ ಅಕ್ಷರದ್ದು. ಬೆನ್ನು ಬಿಟ್ಟುಕೊಂಡು ಹಾಳೆಗಳು ಉದುರುತ್ತಿದ್ದವು, ಬಿಚ್ಚಿ ಹೊಸದಾಗಿ ಹೊಲಿಯಬೇಕಿತ್ತು. ಹಾಳೆ ಜೋಡಿಸುತ್ತ ಹೋದಾಗ ನಿನ್ನ ಪತ್ರದ ಪದವೇ ಕಣ್ಣಿಗೆ ಬಿತ್ತು. ರಿಪೇರ್. ಮುಂದಿನ ಕಾಲಂನಲ್ಲಿ ಅದೇ ಪದ ಮತ್ತೆ ಇದೆ. ಮೊದಲು ಒಂದೇ ಹಾಳೆ ಎರಡು ಸಲ ಅಚ್ಚಾಗಿದೆ ಅಂದುಕೊಂಡೆ. ಅಲ್ಲ. ಅಕ್ಷರ ಒಂದೇ, ಪದ ಬೇರೆ. ಒಂದರ ಕೆಳಗೆ ಸರಿಪಡಿಸು ಅಂತ ಅರ್ಥ. ಇನ್ನೊಂದರ ಕೆಳಗೆ ಒಂದು ಜಾಗಕ್ಕೆ ಹೋಗು, ಮರಳು ಅಂತ. ಹಳೆಯ ಬಳಕೆಯಂತೆ, ಪುಸ್ತಕದಲ್ಲಿ ಮತ್ತು ಕಾಗದಪತ್ರದಲ್ಲಿ ಉಳಿದಿದೆಯಂತೆ.

ಅಪ್ಪ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿದವರು. ಅಂಥ ಇಂಗ್ಲಿಷೇ ಅವರ ಊಟ.

ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿದೆ. ನನಗಿದ್ದದ್ದು ಬರೀ ರಿಪೇರಿ ಮಾಡಿಸುವ ಅವಕಾಶವಾದರೆ, ಅದನ್ನು ಬಿಟ್ಟುಕೊಡು ಅಂತ ವಕೀಲರು ಯಾಕೆ ಪಟ್ಟು ಹಿಡಿಯಬೇಕು? ಮಾರಿದ ಮನೆಗೆ ನಾನು ಸುಣ್ಣ ಹೊಡೆಸುತ್ತೇನೆ ಅಂತ ಯಾರಾದರೂ ಹೆದರುತ್ತಾರಾ?

ಉಯಿಲಿನ ಆ ಸಾಲನ್ನು ಇಂಗ್ಲಿಷಿನಲ್ಲಿ ಇದ್ದ ಹಾಗೇ ಬರೆದು ಕಳಿಸು. ಒಂದಕ್ಷರವೂ ಬಿಡಬೇಡ.

ಕ್ವಾರ್ಟರ್ಸಿಗೆ ಬಂದ ಕಾಗದಗಳು ಕಳೆದುಹೋಗುತ್ತವೆ, ಅದಕ್ಕೆ ಈ ವಿಳಾಸ.

ಅಕ್ಕ

ಫೆಬ್ರವರಿ 8, 1993

ಅಕ್ಕ,

ನಿನ್ನ ಪತ್ರ ಓದಿ ನನ್ನ ಹೆಂಡತಿ, ‘ಅತ್ತಿಗೆ ಪುಸ್ತಕ ಹೊಲಿಯೋದು ಬಿಟ್ಟು ಓದೋಕೆ ಶುರು ಮಾಡಿದಾರೆ, ಇನ್ನು ನಮ್ಮ ಗತಿ ಮುಗೀತು’ ಅಂದಳು. ತಮಾಷೆಗೆ ಹೇಳಿದ್ದು.

ಉಯಿಲು ವಕೀಲರ ಹತ್ರ ಇದೆ. ಅವರು ಊರಲ್ಲಿಲ್ಲ. ಇದ್ದಿದ್ರೂ ಅದರಲ್ಲಿ ಇರೋದು ನಾನು ಹೇಳಿದ್ದೇ. ಮಗಳು ಮನೆ ರಿಪೇರಿ ಮಾಡಿಸಬಹುದು. ಅಷ್ಟೇ. ಒಂದು ಪದಕ್ಕೆ ಅಪ್ಪ ಅಮ್ಮ ಯಾರು, ಅಜ್ಜ ಎಲ್ಲಿಯವನು ಅಂತ ಹುಡುಕ್ತಾ ಹೋದ್ರೆ ನಾವು ಮನೆ ಮಾರೋದು ಮುಂದಿನ ಶತಮಾನದಲ್ಲೇ.

ವಕೀಲರು ಯಾಕೆ ಕೇಳ್ತಾರೆ ಅಂದ್ರೆ, ವಕೀಲರು ಎಲ್ಲಾದಕ್ಕೂ ಕೇಳ್ತಾರೆ. ನಾಳೆ ನನ್ನ ಕೈಲಿ ಉಸಿರಾಡ್ತಿದೀನಿ ಅಂತಾನೂ ಬರೆಸಿಕೊಳ್ತಾರೆ.

ಮಿಲ್ಲಿನವರು ಮೊನ್ನೆ ಟೇಪು ಹಿಡಿದು ಅಂಗಳ ಅಳೆದು ಹೋದರು. ಅಪ್ಪನ ಕೋಣೆ ಒಳಗೂ ಅಳೆದರು. ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದಾರೆ. ಬೇಗ ಸಹಿ ಮಾಡಿ ಕಳಿಸು ಅಕ್ಕ, ನಿನಗೆ ಪುಣ್ಯ ಬರಲಿ.

ಚಿಕ್ಕ

ಫೆಬ್ರವರಿ 19, 1993

ಚಿಕ್ಕ,

ಪದಕ್ಕೆ ಅಪ್ಪ ಯಾರು ಅಂತ ನೀನು ತಮಾಷೆಗೆ ಕೇಳಿದೆ. ನಾನು ನಿಜವಾಗಿ ಹುಡುಕಿದೆ.

ನಮ್ಮ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಿದ್ದ ಮೇಷ್ಟ್ರು ಒಬ್ಬರಿದ್ದಾರೆ. ನಿವೃತ್ತರಾಗಿ ಒಂಬತ್ತು ವರ್ಷವಾದರೂ ದಿನಾ ಹತ್ತು ಗಂಟೆಗೆ ಬಂದು ಕಿಟಕಿ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಅವರ ಮೂರು ಹಳೇ ಪುಸ್ತಕಗಳಿಗೆ ನಾನು ಹೊಸ ಬೆನ್ನು ಹಾಕಿಕೊಟ್ಟಿದ್ದೆ. ಆ ಸಲುಗೆಯಿಂದ ಹೋಗಿ ಕೇಳಿದೆ. ಕೈಗೆ ಅಂಟು ಮೆತ್ತಿಕೊಂಡಿತ್ತು, ನಿಘಂಟು ಮುಟ್ಟಬೇಡ ಅಂತ ತಾವೇ ಹಾಳೆ ತಿರುವಿದರು.

ಮೊದಲನೆಯದು, ಸರಿಪಡಿಸುವ ರಿಪೇರಿ, ಲ್ಯಾಟಿನ್ನಿನ ‘ರೆಪರಾರೆ’ಯಿಂದ ಬಂದದ್ದು. ರೆ ಅಂದರೆ ಮತ್ತೆ, ಪರಾರೆ ಅಂದರೆ ಸಿದ್ಧಮಾಡು. ಅಲ್ಲಿಂದ ಹಳೇ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ, ಅಲ್ಲಿಂದ ಸೈಕಲ್ ಅಂಗಡಿಗೆ. ಇದು ನಮಗೆಲ್ಲ ಗೊತ್ತಿರುವ ರಿಪೇರಿ.

ಎರಡನೆಯದರ ಮನೆತನವೇ ಬೇರೆ. ಅದೂ ಲ್ಯಾಟಿನ್ನಿಂದಲೇ ಬಂದದ್ದು, ಆದರೆ ಅಲ್ಲಿ ಅದು ‘ರೆಪಾತ್ರಿಯಾರೆ’. ಪಾತ್ರಿಯ ಅಂದರೆ ಸ್ವಂತ ನಾಡು, ತಂದೆಯ ನೆಲ. ಅದರೊಳಗೆ ಪಾತೆರ್ ಅಂತ ಇದೆ. ಪಾತೆರ್ ಅಂದರೆ ಅಪ್ಪ. ಮತ್ತೆ ಅಪ್ಪನ ನೆಲಕ್ಕೆ ಬರುವುದು, ಅಷ್ಟನ್ನೂ ಆ ಪದ ಹೊತ್ತುಕೊಂಡಿತ್ತು. ಫ್ರೆಂಚರ ಬಾಯಲ್ಲಿ ಸವೆದು ಸವೆದು ‘ರೆಪೇರಿಯೇ’ ಆಯಿತು, ಇಂಗ್ಲಿಷಿನವರ ಕೈಗೆ ಬರುವ ಹೊತ್ತಿಗೆ ರಿಪೇರ್ ಆಗಿ ಮೊದಲನೆಯದರ ಪಕ್ಕ ಬಂದು ನಿಂತಿತು. ಈಗ ನೋಡಿದವರಿಗೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ, ನೆಂಟಸ್ತಿಕೆ ಏನೂ ಇಲ್ಲ. ಫ್ರೆಂಚಿನಲ್ಲಿ ಇವತ್ತಿಗೂ ಕಾಡುಪ್ರಾಣಿ ತಿರುಗಿ ಬಂದು ಮಲಗುವ ಗುಹೆಗೆ ‘ರೆಪೇರ್’ ಅನ್ನುತ್ತಾರಂತೆ.

ಮೇಷ್ಟ್ರು ಕನ್ನಡಕ ತೆಗೆದು, ‘ಇದೆಲ್ಲ ನಿನಗೆ ಯಾಕಮ್ಮ ಬೇಕಾಯ್ತು?’ ಅಂದರು. ‘ಮನೆ ವಿಷಯ ಸಾರ್’ ಅಂದೆ. ‘ಹಾಗಾದರೆ ರಿಪೇರ್ ಆದಮೇಲೆ ಟು ಇದೆಯಾ ನೋಡು. ಮನೆಯನ್ನು ರಿಪೇರ್ ಅಂತಿದ್ದರೆ ಗಾರೆ ಕೆಲಸ. ಮನೆಗೆ, ರಿಪೇರ್ ಟು ಅಂತಿದ್ದರೆ ಬೇರೆ’ ಅಂದರು.

ಅದನ್ನು ನೋಡಿ ಹೇಳು. ಇದೆಯೋ ಇಲ್ಲವೋ, ಅಷ್ಟೇ. ಇಲ್ಲದಿದ್ದರೆ ಮೂರು ಕಡೆಯೂ ಸಹಿ ಹಾಕಿ ಅದೇ ದಿನ ಕಳಿಸುತ್ತೇನೆ. ಮಾತು ಕೊಟ್ಟಿದ್ದೇನೆ ಅಂತ ತಿಳಿ.

ಅಕ್ಕ

ಮಾರ್ಚ್ 5, 1993

ಅಕ್ಕ,

ನೋಡಿದೆ. ಟು ಇಲ್ಲ.

ಮಿಲ್ಲಿನವರು ಈ ತಿಂಗಳ ಕೊನೆವರೆಗೆ ಮಾತ್ರ ಕಾಯ್ತಾರಂತೆ. ಕಾಗದ ರಿಜಿಸ್ಟರ್ ಪೋಸ್ಟಲ್ಲಿ ಕಳಿಸು.

ಚಿಕ್ಕ

ಮಾರ್ಚ್ 11, 1993

ಚಿಕ್ಕ,

ನೀನು ಯಾವ ಪತ್ರವನ್ನೂ ಮೂರು ಸಾಲಿಗೆ ಮುಗಿಸಿದವನಲ್ಲ. ಸೊಳ್ಳೆ ಕಚ್ಚಿದ್ದನ್ನೂ ಅರ್ಧ ಪುಟ ಬರೆಯುವವನು.

ವಕೀಲರು ಊರಿಗೆ ಬಂದರಾ? ಉಯಿಲು ತಂದುಕೊಟ್ಟರಾ? ನೋಡಿದ್ದು ಎಲ್ಲಿ? ಆ ಸಾಲು ಬರೆದು ಕಳಿಸು ಅಂದರೆ ಯಾಕೆ ಬರೆಯುತ್ತಿಲ್ಲ?

ನಾನು ಜಗಳಕ್ಕೆ ನಿಂತಿಲ್ಲ. ಆದರೆ ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲ. ಉಯಿಲು ನೋಂದಣಿ ಆಗಿದೆ ಅಂತ ನೀನೇ ಹೇಳಿದ್ದೆ. ನೋಂದಣಿ ಕಚೇರಿಗೆ ನಕಲು ಬೇಕೆಂದು ಇವತ್ತು ಅರ್ಜಿ ಹಾಕಿದ್ದೇನೆ. ಅಪ್ಪ ತೀರಿಕೊಂಡ ದಾಖಲೆ, ನಾನು ಅವರ ಮಗಳು ಅನ್ನುವ ದಾಖಲೆ, ಎರಡೂ ಕೇಳಿದರು. ಎರಡನೆಯದನ್ನು ಹುಡುಕಲು ಎರಡು ದಿನ ಹಿಡಿಯಿತು. ಕೊನೆಗೆ ನನ್ನ ಶಾಲೆಯ ಸರ್ಟಿಫಿಕೇಟ್ ಸಿಕ್ಕಿತು. ತಂದೆಯ ಹೆಸರಿನ ಜಾಗದಲ್ಲಿ ಅಪ್ಪನ ಸಹಿ ಇದೆ. ದೊಡ್ಡ, ಸ್ವಲ್ಪ ಹಿಂದಕ್ಕೆ ವಾಲಿದ ಸಹಿ.

ನಕಲು ಬಂದ ಮೇಲೆ ಬರೆಯುತ್ತೇನೆ. ಅಲ್ಲಿಯವರೆಗೆ ಮಿಲ್ಲಿನವರ ಹಲಗೆ ಅವರ ಜಾಗದಲ್ಲೇ ಇರಲಿ.

ಅಕ್ಕ

ಏಪ್ರಿಲ್ 17, 1993

ಚಿಕ್ಕ,

ನಕಲು ಬಂತು. ಎರಡು ಪುಟ. ನನ್ನ ಸಾಲು ಎರಡನೇ ಪುಟದ ಮೇಲ್ಭಾಗದಲ್ಲಿದೆ. ನೀನು ಬರೆಯದ ಸಾಲನ್ನು ನಾನು ಬರೆಯುತ್ತೇನೆ.

‘ಮೈ ಡಾಟರ್ ಶಲ್ ಬಿ ಅಟ್ ಲಿಬರ್ಟಿ ಟು ರಿಪೇರ್ ಟು ದ ಸೆಡ್ ಹೌಸ್ ಅಟ್ ಎನಿ ಟೈಮ್, ಅಂಡ್ ನೋ ಒನ್ ಶಲ್ ಆಸ್ಕ್ ಹರ್ ವೈ.’

ಫ್ರೆಂಚ್ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗುವ ಅಗತ್ಯ ಬೀಳಲಿಲ್ಲ. ನನ್ನ ಮಗಳು ಯಾವಾಗ ಬೇಕಾದರೂ ಈ ಮನೆಗೆ ಮರಳಿ ಬರಬಹುದು, ಯಾಕೆ ಬಂದೆ ಅಂತ ಅವಳನ್ನು ಯಾರೂ ಕೇಳಕೂಡದು.

ನೋಂದಣಿ ಕಚೇರಿಯ ಕೌಂಟರಿನ ಗುಮಾಸ್ತೆ, ‘ನಕಲಿನಲ್ಲಿ ಏನಾದ್ರೂ ತಪ್ಪಿದೆಯಾ?’ ಅಂತ ಕೇಳಿದಳು. ಇಲ್ಲ ಅಂದೆ. ‘ಮತ್ತೆ ಯಾಕೆ ಇಲ್ಲೇ ನಿಂತಿದ್ದೀರಾ?’ ಅಂದಳು. ಅರ್ಧ ಗಂಟೆಯಿಂದ ಅಲ್ಲೇ ನಿಂತಿದ್ದೆನಂತೆ, ಹಿಂದೆ ಸಾಲು ಬೆಳೆದಿತ್ತು.

ಆರು ವರ್ಷ ಚಿಕ್ಕ. ಆರು ವರ್ಷ ನಾನು ಸತ್ತವರ ಮೇಲೆ ಹಲ್ಲು ಕಡಿದುಕೊಂಡು ಬದುಕಿದೆ. ನಿಮ್ಮ ಭಾವ ಕೊನೆಯ ದಿನಗಳಲ್ಲಿ, ‘ನಿಮ್ಮಪ್ಪ ಒಂದು ಸಲ ಬಾ ಅಂದಿದ್ರೆ ನಾನೇ ಕರೆದುಕೊಂಡು ಹೋಗ್ತಿದ್ದೆ’ ಅಂದಿದ್ದರು. ಅವರಿಗೆ ಇದನ್ನು ಓದಿ ಹೇಳಲು ಈಗ ಆಗುವುದಿಲ್ಲ.

ಒಂದೇ ಪ್ರಶ್ನೆ. ನಿನಗೆ ಗೊತ್ತಿತ್ತಾ?

ಅಕ್ಕ

ಮೇ 16, 1993

ಅಕ್ಕ,

ಒಂದು ತಿಂಗಳು ಬೇಕಾಯ್ತು. ನಾಲ್ಕು ಸಲ ಬರೆದು ಹರಿದೆ. ಟೈಪ್ ಮಾಡಿದ್ರೆ ಸುಲಭ ಆಗಬಹುದು ಅಂತ ಮಷೀನ್ ಮುಂದೆ ಕೂತೆ, ಅದೂ ಆಗಲಿಲ್ಲ.

ಗೊತ್ತಿತ್ತು. ಆದ್ರೆ ಮೊದಲಿಂದ ಅಲ್ಲ. ಇದನ್ನ ನಂಬು.

ಉಯಿಲು ಟೈಪ್ ಮಾಡಿದ್ದು ನಾನೇ. ಅಪ್ಪನ ಕೈ ಆಗಲೇ ನಡುಗ್ತಿತ್ತು. ಅವರು ಕಿಟಕಿ ಕಡೆ ತಿರುಗಿಕೊಂಡು ಹೇಳ್ತಿದ್ರು, ನಾನು ಹೊಡೀತಿದ್ದೆ. ನಿನ್ನ ಸಾಲು ಬಂದಾಗ ಬೆರಳು ನಿಲ್ಲಿಸಿ, ‘ಅಪ್ಪ, ರಿಪೇರ್ ಆದಮೇಲೆ ಟು ಬರುತ್ತಾ?’ ಅಂತ ಕೇಳಿದೆ. ‘ಹೇಳಿದ್ದನ್ನ ಹೊಡಿ’ ಅಂದ್ರು. ಹೊಡೆದೆ. ಮನೆ ರಿಪೇರಿ ಅಂತಲೇ ತಿಳ್ಕೊಂಡೆ. ಯಾಕೆ ಅಂತ ಕೇಳಕೂಡದು ಅಂದ್ರೆ, ಯಾಕೆ ರಿಪೇರಿ ಮಾಡ್ತೀಯ ಅಂತ ಕೇಳಬಾರದು ಅಂದುಕೊಂಡೆ. ಅಂಗಳದಲ್ಲಿ ನಿನಗೆ ಹೇಳಿದಾಗ ಹಾಗೇ ನಂಬಿದ್ದೆ.

ನಾಲ್ಕು ವರ್ಷದ ಹಿಂದೆ ವಕೀಲರಿಗೆ ಮೊದಲ ಸಲ ಕಾಗದ ತೋರಿಸಿದೆ. ಅವರು ಓದಿ, ‘ಮನೆ ಮಾರೋದಾದ್ರೆ ನಿಮ್ಮಕ್ಕನ ಸಹಿ ಬೇಕು, ಅವರಿಗೆ ಇಲ್ಲಿ ಬಂದು ಇರೋ ಹಕ್ಕಿದೆ’ ಅಂದ್ರು. ಮನೆಗೆ ನಡ್ಕೊಂಡು ಬಂದೆ. ಬರ್ತಾ ಬರ್ತಾ ನಿನಗೆ ಬರೀಬೇಕು ಅಂತಿದ್ದೆ. ಬಾಗಿಲಿಗೆ ಬರೋ ಹೊತ್ತಿಗೆ ಮನಸ್ಸು ಬದಲಾಗಿತ್ತು.

ಮನೆ ಆಸೆಗೆ ಅಲ್ಲ ಅಕ್ಕ. ಅಂದ್ರೆ, ಅದೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ಬೇರೆ ಏನೋ. ಹನ್ನೆರಡು ವರ್ಷ ಅವರ ಜೊತೆ ಇದ್ದೋನು ನಾನು. ಅವರ ಮಷೀನಿಗೆ ಎಣ್ಣೆ ಬಿಟ್ಟೋನು ನಾನು, ಸ್ನಾನ ಮಾಡಿಸಿದ್ದು ನನ್ನ ಹೆಂಡತಿ. ಒಂದು ದಿನಾನೂ ನನ್ನ ಹತ್ರ ಒಳ್ಳೆ ಮಾತಾಡಲಿಲ್ಲ. ನನ್ನ ಟೈಪಿಂಗಲ್ಲಿ ತಪ್ಪು ಹುಡುಕೋದೇ ಅವರ ಸಂಜೆ ಕೆಲಸ. ಕೊನೆಗೆ ಅವರ ಬಾಯಿಂದ ಬಂದ ಒಂದೇ ಒಂದು ಮೆತ್ತಗಿನ ಮಾತು ನಿನಗೆ. ಅದನ್ನ ಹೊಡೆದದ್ದು ನನ್ನ ಬೆರಳು, ನನಗೇ ತಿಳಿಯದ ಹಾಗೆ.

ಬಾ ಅಂತ ಕರೆಯೋಕೆ ಅವರಿಗೆ ಕನ್ನಡ ಬರ್ತಿರಲಿಲ್ವಾ? ಒಂದೇ ಅಕ್ಷರ. ಅದನ್ನ ಹೇಳೋಕೆ ಆಗದೆ ಯಾವ ಕಾಲದ್ದೋ ಕೋರ್ಟ್ ಇಂಗ್ಲಿಷ್ ಹಿಂದೆ ಹೋಗಿ ಬಚ್ಚಿಟ್ಟುಕೊಂಡ್ರು. ಅದು ನಿನ್ನ ಕೈಗೆ ಸಿಗದೇ ಹೋದ್ರೆ ಸಿಗದೇ ಹೋಗಲಿ, ನಾನ್ಯಾಕೆ ತೆಗೆದು ಕೊಡಲಿ ಅನ್ನಿಸ್ತು. ಅಷ್ಟೇ. ಭಾವ ಹೋದಾಗ ಹೇಳಬೇಕಿತ್ತು. ಆಗಲೂ ಹೇಳಲಿಲ್ಲ. ಎರಡು ವರ್ಷ ಆದಮೇಲೆ ಹೇಳೋದು ಹೇಗೆ ಅಂತ ಗೊತ್ತಾಗಲಿಲ್ಲ.

ಸಹಿ ಹಾಕಬೇಡ. ಅಥವಾ ಹಾಕು. ನೀನು ಏನು ಮಾಡಿದ್ರೂ ನನಗೆ ಕೇಳೋ ಬಾಯಿ ಇಲ್ಲ.

ಚಿಕ್ಕ

ಮೇ 23, 1993

ಚಿಕ್ಕ,

ನಿನ್ನ ಪತ್ರ ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಕೈಯಲ್ಲಿದ್ದ ರಟ್ಟು ಕತ್ತರಿಸುವ ಚಾಕು ಕೆಳಗಿಟ್ಟು ಹೊರಗೆ ಹೋಗಿ ಕೂತೆ. ಎರಡನೇ ಸಲ ಸಿಟ್ಟು ಬಂತು. ಆ ಸಿಟ್ಟು ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ, ಹೋಗುವುದಕ್ಕೆ ದಿನ ಹಿಡಿಯುತ್ತದೆ. ಮೂರನೇ ಸಲ ಓದಿದಾಗ, ಸಂಜೆ ಅಪ್ಪನ ಎದುರು ತಪ್ಪು ಎಣಿಸಿಕೊಳ್ಳುತ್ತ ಕೂತ ನಿನ್ನನ್ನು ಕಂಡೆ. ನಾನು ಮೆಟ್ಟಿಲು ಇಳಿದು ಹೋದೆ. ನಿನಗೆ ಇಳಿಯುವುದಕ್ಕೂ ಆಗಲಿಲ್ಲ. ಇದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಮುಚ್ಚಿಟ್ಟದ್ದು ನೀನೊಬ್ಬನೇ ಅಲ್ಲ. ನನಗೆ ಕ್ವಾರ್ಟರ್ಸ್ ಇಲ್ಲ. ಅದು ನಿಮ್ಮ ಭಾವನ ಹೆಸರಿನಲ್ಲಿತ್ತು, ಅವರು ಹೋದ ಆರನೇ ತಿಂಗಳಿಗೆ ಖಾಲಿ ಮಾಡಿಸಿದರು. ಒಂದೂವರೆ ವರ್ಷದಿಂದ ಬೈಂಡಿಂಗ್ ಕೋಣೆಯಲ್ಲೇ ಇದ್ದೇನೆ. ಹಗಲು ಹಾಳೆ ಒತ್ತುವ ದೊಡ್ಡ ಮೇಜು, ಸಂಜೆಯ ಮೇಲೆ ಅದೇ ಮಂಚ. ಲೈಬ್ರರಿಯವರಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇದ್ದಾರೆ. ಜೂನ್ ಕೊನೆಗೆ ಈ ವಿಭಾಗವನ್ನೇ ಮುಚ್ಚುತ್ತಾರೆ. ಬೈಂಡಿಂಗ್ ಕೆಲಸ ಇನ್ನು ಹೊರಗೆ ಕೊಡುತ್ತಾರಂತೆ. ಜನವರಿಯಲ್ಲಿ ನಿನ್ನ ಕಾಗದ ಬಂದಾಗ ಸಹಿ ಹಾಕಿ ಮುಗಿಸಿಬಿಡೋಣ, ಇನ್ನು ಎಲ್ಲಿಯೂ ನನ್ನದು ಅಂತ ಏನೂ ಬೇಡ ಅಂತಲೇ ಪೆನ್ನು ತೆಗೆದಿದ್ದೆ. ಆಗ ಮೇಜಿನ ಮೇಲೆ ಆ ಸಂಪುಟ ಇತ್ತು.

ಹೇಳಿದ್ದರೆ ನೀನು ಕರೆಯುತ್ತಿದ್ದೆ. ಕನಿಕರಕ್ಕೆ ಕರೆಯುತ್ತಿದ್ದೆ. ಅದು ನನಗೆ ಬೇಡವಾಗಿತ್ತು. ಅಪ್ಪನ ಮಗಳೇ ಅಲ್ಲವೇ ನಾನು.

ಈಗ ತೀರ್ಮಾನ ಹೇಳುತ್ತೇನೆ. ಜೂನ್ 14ರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೆಂಟಳಾಗಿ ಅಲ್ಲ, ಇರುವುದಕ್ಕೆ. ಅಪ್ಪನ ಕೋಣೆ ನನಗೆ ಸಾಕು. ಒತ್ತುವ ಮೇಜು ಮತ್ತು ಹೊಲಿಗೆ ಚೌಕಟ್ಟನ್ನು ಲೈಬ್ರರಿಯವರು ನನಗೇ ಕೊಡುತ್ತಾರೆ, ಅವರಿಗೆ ಅದು ಹಳೇ ಮರ. ನಿನ್ನ ಊರಿನ ಕಾಲೇಜಿನಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇದ್ದಾರಲ್ಲ? ಅವರಿಗೆ ಟೈಪ್ ಮಾಡಿಸಬೇಕು, ಬೈಂಡ್ ಮಾಡಿಸಬೇಕು. ಈಗ ಎರಡು ಕಡೆ ಅಲೆಯುತ್ತಾರೆ. ಮುಂದಿನ ಕೋಣೆಯಲ್ಲಿ ನೀನು ಹೊಡಿ, ಹಿಂದಿನ ಕೋಣೆಯಲ್ಲಿ ನಾನು ಹೊಲಿಯುತ್ತೇನೆ. ಒಂದು ವರ್ಷ ನೋಡೋಣ. ಆಮೇಲೂ ಮಾರಲೇಬೇಕು ಅನ್ನಿಸಿದರೆ ನಾನೇ ಮಿಲ್ಲಿನವರ ಮನೆಗೆ ನಡೆದು ಹೋಗಿ ಸಹಿ ಮಾಡುತ್ತೇನೆ.

ಗೋಡೆಯ ಬಿರುಕು ಎಷ್ಟು ಅಗಲ ಇದೆ, ಅಳೆದು ಬರೆ.

ಅಕ್ಕ

ಜೂನ್ 4, 1993

ಅಕ್ಕ,

ಬಿರುಕಲ್ಲಿ ನನ್ನ ಹೆಬ್ಬೆರಳು ಹೋಗುತ್ತೆ.

ಒಂದೂವರೆ ವರ್ಷ ಮೇಜಿನ ಮೇಲೆ ಮಲಗಿದೀಯ ಅಂತ ಓದಿ ನನ್ನ ಹೆಂಡತಿ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅಪ್ಪನ ಕೋಣೆ ಖಾಲಿ ಮಾಡೋಕೆ ಹೋದಳು. ಮಿಲ್ಲಿನವರು ಗೋಡೆ ಮೇಲೆ ಹಾಕಿದ್ದ ಗೀಟನ್ನ ಒದ್ದೆ ಬಟ್ಟೆಯಿಂದ ಒರೆಸಿದಾಳೆ. ಮನೆ ಮಾರಲ್ಲ ಅಂತ ನಾನು ಅವರಿಗೆ ಹೇಳಿ ಬಂದೆ. ಮುಖ ಊದಿಸಿಕೊಂಡಿದಾರೆ.

ಮಗಳ ಪ್ರವೇಶ ಪರೀಕ್ಷೆ 12ರಿಂದ ಇದೆ, ಭಾವಮೈದುನನ ಊರಲ್ಲಿ. ನಾನು ಜೊತೆಗೆ ಹೋಗಲೇಬೇಕು. ಹಾಗಾಗಿ ನೀನು ಬರೋ ದಿನ ನಾನು ಇರಲ್ಲ. 20ಕ್ಕೆ ಬರ್ತೀನಿ. ಬಸ್ ಸ್ಟ್ಯಾಂಡಿಗೆ ನನ್ನ ಹೆಂಡತಿ ಬರ್ತಾಳೆ. ಮೇಜು ಇಳಿಸೋಕೆ ಇಬ್ಬರು ಆಳಿಗೆ ಹೇಳಿದೀನಿ.

ಇನ್ನು ಏನು ಬರೆಯೋದು ಅಂತ ಗೊತ್ತಾಗ್ತಿಲ್ಲ.

ಚಿಕ್ಕ

ಜೂನ್ 24, 1993

ಚಿಕ್ಕ,

ಈ ಪತ್ರವನ್ನು ನಿನ್ನ ಭಾವಮೈದುನನ ವಿಳಾಸಕ್ಕೆ ಬರೆಯುತ್ತಿದ್ದೇನೆ, ಅಪ್ಪನ ಕೋಣೆಯಿಂದ.

ಹತ್ತು ದಿನವಾಯಿತು ಬಂದು. ಬಸ್ ಇಳಿದಾಗ ನಿನ್ನ ಹೆಂಡತಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಮುಂದೆ ಮುಂದೆ ನಡೆದಳು. ಅಳುತ್ತಿದ್ದಳು ಅಂತ ಕಾಣುತ್ತದೆ, ತಿರುಗಿ ನೋಡಲಿಲ್ಲ. ಮೆಟ್ಟಿಲ ಹತ್ತಿರ ನನ್ನ ಕಾಲು ತಾನಾಗಿ ನಿಂತಿತು. ಹದಿನೆಂಟು ವರ್ಷದ ಅಭ್ಯಾಸ. ಅವಳು ಮೇಲಿಂದ, ‘ಅತ್ತಿಗೆ, ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕಿಬಿಡುತ್ತೆ, ಬೇಗ ಬನ್ನಿ’ ಅಂದಳು. ಹಾಲಿನ ಚಿಂತೆಯಲ್ಲಿ ಹತ್ತಿಬಿಟ್ಟೆ.

ಮೇಜು ಬಾಗಿಲಲ್ಲಿ ಹಿಡಿಸಲಿಲ್ಲ. ಕಾಲು ಕಳಚಿ ಒಳಗೆ ತಂದೆವು. ಬಿರುಕಿಗೆ ಗಾರೆಯವನು ಬಂದು ನೋಡಿದ. ಬುನಾದಿ ಗಟ್ಟಿಯಿದೆ, ಮೇಲಿನ ನೀರು ಒಂದೇ ಕಡೆ ಇಳಿದು ಹೀಗಾಗಿದೆ ಅಂದ. ನಾಲ್ಕು ದಿನದ ಕೆಲಸವಂತೆ, ಎರಡು ದಿನ ಆಗಿದೆ.

ಮಿಲ್ಲಿನ ಯಜಮಾನರು ಮೊನ್ನೆ ಬೇಲಿ ಹತ್ತಿರ ಬಂದು, ‘ಏನಮ್ಮ, ಇಷ್ಟು ವರ್ಷ ಇಲ್ಲದೋರು ಈಗ ಯಾಕೆ ಬಂದ್ರಿ?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಹೆಂಡತಿ ಬಟ್ಟೆ ಹಿಂಡುತ್ತಲೇ, ‘ಅದನ್ನ ಈ ಮನೇಲಿ ಯಾರೂ ಕೇಳೋ ಹಾಗಿಲ್ಲ, ಮಾವನವರು ಬರೆದಿಟ್ಟಿದಾರೆ’ ಅಂದಳು. ಅವರಿಗೆ ಏನು ಅರ್ಥವಾಯಿತೋ, ಹೊರಟುಹೋದರು.

ನಿನ್ನ ಏಳು ಜನಕ್ಕೆ ನಾನೇ ಪಾಠ ನೋಡಿಕೊಳ್ಳುತ್ತಿದ್ದೇನೆ. ಅಪ್ಪ ನನಗೂ ಕಲಿಸಿದ್ದರಲ್ಲ, ಬೆರಳು ಮರೆತಿಲ್ಲ. ಕಾಲೇಜಿನ ಇಬ್ಬರು ಪ್ರಬಂಧ ತಂದುಕೊಟ್ಟು ಹೋಗಿದ್ದಾರೆ. ಒಂದು ನೂರ ನಲವತ್ತು ಪುಟ, ಭೂಗೋಳದ್ದು. ನಕ್ಷೆಗಳನ್ನು ಮಡಿಸಿ ಹೊಲಿಯಬೇಕು, ಅದು ನನ್ನ ಕೆಲಸ. ಟೈಪಿಂಗ್ ನನ್ನ ವೇಗಕ್ಕೆ ಮುಗಿಯುವಂಥದ್ದಲ್ಲ. ಜುಲೈ 5ಕ್ಕೆ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದೇನೆ. ಕೊಡುತ್ತೇವೆ ಅಂದೆ, ಕೊಡುತ್ತೇನೆ ಅನ್ನಲಿಲ್ಲ.

ನಿನ್ನ ಮಗಳು 17ಕ್ಕೇ ಅವಳ ಮಾವನ ಜೊತೆ ಮನೆಗೆ ಬಂದಳು. ಪರೀಕ್ಷೆ ಚೆನ್ನಾಗಿ ಮಾಡಿದ್ದಾಳೆ. ಅಪ್ಪ ಎಲ್ಲಿ ಅಂದರೆ, ‘ಮಾವನ ಅಂಗಡಿಗೆ ಸಹಾಯಕ್ಕೆ ಬೇಕಂತೆ, ಇನ್ನೂ ಸ್ವಲ್ಪ ದಿನ ಇರ್ತಾರಂತೆ’ ಅಂತ ನೆಲ ನೋಡುತ್ತ ಹೇಳಿದಳು. ಅವಳ ಮಾವ ಅಲ್ಲೇ ಕೂತು, ನಮ್ಮ ಅಂಗಡಿಯಲ್ಲಿ ಒಬ್ಬರಿಗೆ ನಿಲ್ಲಲೂ ಜಾಗವಿಲ್ಲ ಅಂತ ನಕ್ಕ.

ನನ್ನ ಮುಖ ನೋಡಲು ನಿನಗೆ ಹೆದರಿಕೆ. ನನಗೂ ಇದೆ. ಎಷ್ಟು ದಿನ ಕಾದರೂ ಅದು ಕಡಿಮೆಯಾಗುವುದಿಲ್ಲ, ಸುಮ್ಮನೆ ಹಳಸುತ್ತದೆ. ಬಂದವನು ಮೊದಲು ನನ್ನ ಜೊತೆ ಮಾತಾಡಲೇಬೇಕು ಅಂತಿಲ್ಲ. ಮಷೀನ್ ಮುಂದೆ ಕೂತು ಕೆಲಸ ಶುರು ಮಾಡು, ಪುಟಗಳನ್ನು ಬಾಗಿಲ ಹತ್ತಿರ ಇಡು, ನಾನು ಎತ್ತಿಕೊಳ್ಳುತ್ತೇನೆ. ಮಾತು ಅದರ ಪಾಡಿಗೆ ಬರುತ್ತದೆ.

ಈ ಕಾಗದ ನಿನಗೆ 26ಕ್ಕೆ ಸಿಗುತ್ತದೆ. 28ರ ಸಂಜೆಯವರೆಗೆ ನೋಡುತ್ತೇನೆ. ನೀನಿರುವ ಊರಿಗೆ ಇಲ್ಲಿಂದ ಬೆಳಿಗ್ಗೆ ಆರೂವರೆಗೆ ಒಂದು ಬಸ್ಸಿದೆ, ಹನ್ನೊಂದಕ್ಕೆ ಮುಟ್ಟಿಸುತ್ತದೆಯಂತೆ. 29ಕ್ಕೆ ಒಂದು ಸೀಟು ಹೇಳಿ ಬಂದಿದ್ದೇನೆ. ವಾಪಸ್ಸಿಗೆ ಎರಡು.

ಅಕ್ಕ